ಉಕ್ಕಿನ ಬಾಗಿಲ ಒಳಗೆ

1979ರ ನವೆಂಬರ್ 4, ಭಾನುವಾರ. ಟೆಹರಾನಿನಲ್ಲಿ ಜಿಟಿಜಿಟಿ ಮಳೆ. ನೀವು ಅಮೆರಿಕದ ರಾಯಭಾರ ಕಚೇರಿಯ ಮೇಲಿನ ಮಹಡಿಯಲ್ಲಿದ್ದೀರಿ. ಹೊರಗಿನ ಘೋಷಣೆ ನಿಮಗೇನೂ ಹೊಸದಲ್ಲ. ಜನವರಿಯಲ್ಲಿ ಇರಾನಿನ ದೊರೆ ಶಾ ದೇಶ ಬಿಟ್ಟು ಹೋದ, ಫೆಬ್ರವರಿ 1ರಂದು ಕ್ರಾಂತಿಯ ನಾಯಕ ಆಯತೊಲ್ಲಾ ಖೊಮೇನಿ ಬಂದಿಳಿದರು; ಅಂದಿನಿಂದ ಈ ಊರಿನ ಬೀದಿ ಸುಮ್ಮನಿದ್ದದ್ದೇ ಇಲ್ಲ. ಆದರೆ ಇವತ್ತು ಸದ್ದು ಕಾಂಪೌಂಡಿನ ಒಳಗಿಂದ ಬರುತ್ತಿದೆ.

ಕಿಟಕಿಗೆ ಬನ್ನಿ. ಎದೆಯ ಮೇಲೆ ಖೊಮೇನಿ ಚಿತ್ರ ಹೊತ್ತ ಹುಡುಗರು, ಕಪ್ಪು ಚಾದರದ ಹುಡುಗಿಯರು ಅಂಗಳದ ತುಂಬ ಓಡುತ್ತಿದ್ದಾರೆ. ಕಾಲೇಜು ಮಕ್ಕಳು. ನೆಲಮಾಳಿಗೆಯಲ್ಲಿ ಗಾಜು ಒಡೆಯುತ್ತದೆ. ಕಾವಲಿನ ಮರೀನ್ ಸೈನಿಕರು ಅಶ್ರುವಾಯು ಸಿಡಿಸುತ್ತಾರೆ. ಒಗ್ಗರಣೆಗೆ ಸುಟ್ಟ ಮೆಣಸಿನಕಾಯಿಯ ಘಾಟಿನ ಹಾಗೆ ಅದು ಮೆಟ್ಟಿಲೇರಿ ನಿಮ್ಮ ಗಂಟಲಿಗೇ ಬಂದು ಕೂರುತ್ತದೆ. ಉಕ್ಕಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಕೋಣೆಯಲ್ಲಿ ಕಾಗದ ಚೂರು ಮಾಡುವ ಯಂತ್ರ ಗರಗರನೆ ತಿರುಗುತ್ತಿದೆ. ಆ ಚೂರುಗಳನ್ನೂ ಈ ಜನ ಮುಂದೆ ಎಳೆ ಎಳೆಯಾಗಿ ಜೋಡಿಸಿ ಅಚ್ಚು ಹಾಕಿಸಲಿದ್ದಾರೆ.

ಅವರಿಗೇಕೆ ಇಷ್ಟು ಸಿಟ್ಟು? ಅಕ್ಟೋಬರ್ 22ರಂದು ಶಾ ಚಿಕಿತ್ಸೆಗೆಂದು ನ್ಯೂಯಾರ್ಕಿಗೆ ಬಂದಿಳಿದಿದ್ದಾನೆ. 1953ರಲ್ಲೂ ಹೀಗೇ ದೇಶ ಬಿಟ್ಟು ಓಡಿದ್ದ. ಅಮೆರಿಕದ ಸಿಐಎ ಮತ್ತು ಬ್ರಿಟಿಷ್ ಗೂಢಚಾರರು ಪ್ರಧಾನಿ ಮೊಸದ್ದಿಕ್‌ರನ್ನು ಬೀಳಿಸಿ ಅವನನ್ನು ಮರಳಿ ಸಿಂಹಾಸನದ ಮೇಲೆ ಕೂರಿಸಿದ್ದರು. ಅದೇ ಮತ್ತೆ ನಡೆಯುತ್ತದೆಂದು ಆ ಮಕ್ಕಳು ನಂಬಿದ್ದಾರೆ. ಬಾಗಿಲ ಆಚೆಗೂ ಭಯವಿದೆ.

ಪಕ್ಕದ ಮರೀನ್ ಹುಡುಗನ ಬಂದೂಕು ನಿಮ್ಮ ಭುಜಕ್ಕೆ ತಾಗುತ್ತಿದೆ. ವಿದೇಶಾಂಗ ಸಚಿವಾಲಯಕ್ಕೆ ಹೋಗಿರುವ ಹಿರಿಯ ಅಧಿಕಾರಿ ಬ್ರೂಸ್ ಲೇಂಗನ್ ಫೋನಿನಲ್ಲಿ ಗುಂಡು ಹಾರಿಸಬೇಡಿ ಎನ್ನುತ್ತಿದ್ದಾರೆ. ಒಂದೇ ಒಂದು ಗುಂಡು ಹಾರಿದರೂ ಇಲ್ಲಿಂದ ಯಾರೂ ಜೀವಂತ ಇಳಿಯಲಾರರು. ಪಾರಸಿ ಬಲ್ಲ ಜಾನ್ ಲಿಂಬರ್ಟ್ ಮಾತಾಡಿ ನೋಡುತ್ತೇನೆಂದು ಹೊರಗೆ ಹೋಗುತ್ತಾರೆ. ಬಾಗಿಲು ಮತ್ತೆ ಮುಚ್ಚುತ್ತದೆ. ಅವರು ಸೆರೆ ಸಿಕ್ಕರು. ಆಚೆಯಿಂದ ಕೂಗು: ತೆರೆಯಿರಿ, ಇಲ್ಲವಾದರೆ ಇವನನ್ನು ಕೊಲ್ಲುತ್ತೇವೆ. ಅಂಗೈ ಬೆವರುತ್ತದೆ. ಯಂತ್ರ ಇನ್ನೂ ತಿರುಗುತ್ತಿದೆ. ಕಾಗದವೋ, ಲಿಂಬರ್ಟರ ಜೀವವೋ?

ಬಾಗಿಲು ತೆರೆಯುತ್ತದೆ.

ಕಣ್ಣಿಗೆ ಬಟ್ಟೆ, ಕೈಗೆ ಹಗ್ಗ. ಪಾದದಿಂದ ತಡವುತ್ತ ಮೆಟ್ಟಿಲಿಳಿಯುತ್ತೀರಿ. ಮುಖಕ್ಕೆ ಮಳೆಹನಿ, ಕಿವಿಗೆ ಗುಂಪಿನ ಆರ್ಭಟ.

ಎರಡು ದಿನದಲ್ಲಿ ಪ್ರಧಾನಿ ಬಜರ್ಗಾನ್ ಅವರ ಸರ್ಕಾರವೇ ಹೋಗುತ್ತದೆ. 1980ರ ಏಪ್ರಿಲ್ 7ರಂದು ಅಮೆರಿಕ ಇರಾನಿನೊಂದಿಗೆ ಸಂಬಂಧ ಕಡಿದುಕೊಳ್ಳುತ್ತದೆ. ಅದೇ ತಿಂಗಳು ನಿಮ್ಮನ್ನು ಬಿಡಿಸಲು ಬಂದ ಪಡೆಯ 8 ಮಂದಿ ತಬಸ್ ಮರುಭೂಮಿಯಲ್ಲಿ ಸಾಯುತ್ತಾರೆ. ನೀವೂ ಸೇರಿ 52 ಜನ 444 ದಿನ ಸೆರೆಯಲ್ಲಿ ಕಳೆದು, 1981ರ ಜನವರಿ 20ರಂದು ವಿಮಾನ ಹತ್ತುತ್ತೀರಿ.

1953ರ ಅನ್ಯಾಯ ನಿಜ. ಅದರ ಸಾಲವನ್ನು ಈ 52 ಜನರಿಂದ ವಸೂಲು ಮಾಡಿದ್ದು ಇನ್ನೊಂದು ಅನ್ಯಾಯ. ಅಂದು ಕಡಿದ ರಾಜತಾಂತ್ರಿಕ ಸಂಬಂಧವನ್ನು ಎರಡೂ ದೇಶಗಳು ಮತ್ತೆ ಕಟ್ಟಿಕೊಂಡಿಲ್ಲ.