ಒಂದು ಸ್ಟ್ರಿಪ್ ಮಾತ್ರೆ, ಹತ್ತೊಂಬತ್ತು ದಿನದ ಹಾಸಿಗೆ

"ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ" ಅನ್ನೋ ಡೈಲಾಗು ನಮ್ಮ ಟೀಮಿನಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಸುತ್ತೆ. ಶುಕ್ರವಾರ ಸಂಜೆ ಯಾರಾದ್ರೂ ಪ್ರೊಡಕ್ಷನ್‌ಗೆ ಕೋಡ್ ಹಾಕಿದರಂತೂ ಮುಗೀತು :)

ನಮ್ಮ ಮನೇಲಿ ಈ ಜೋಕು ನಡೆಯಲ್ಲ. ಮಾವನಿಗೆ (ಅಮ್ಮನ ತಮ್ಮ) ಸ್ಕಿಜೋಫ್ರೇನಿಯಾ ಇದೆ. ಮಾತ್ರೆ ತಗೊಂಡ್ರೆ ಅಡಿಕೆ ಸುಲೀತಾರೆ, ಕ್ರಿಕೆಟ್ ನೋಡ್ತಾರೆ, ನನ್ನ ಮದುವೆ ಬಗ್ಗೆ ತಲೆ ತಿಂತಾರೆ. ಬಿಟ್ರೆ ಮೊದಲು ನಿದ್ದೆ ಹೋಗುತ್ತೆ, ಆಮೇಲೆ ಯಾರೋ ಕಿವಿಯಲ್ಲಿ ಮಾತಾಡೋಕೆ ಶುರು ಮಾಡ್ತಾರೆ.

ಸರ್ಕಾರಿ ಮಾನಸಿಕ ಆಸ್ಪತ್ರೆ ಅಂದ ತಕ್ಷಣ ಎಲ್ಲರೂ ಕೇಳೋದು ಹಾಸಿಗೆ ಎಷ್ಟು ಅಂತ. ನನಗೆ ಅದು ಅರ್ಧ ಪ್ರಶ್ನೆ ಅನ್ಸುತ್ತೆ. ಕನೆಕ್ಷನ್ ಪೂಲ್‌ಗೆ ಕೆಲಸ ಮುಗಿದ ಕನೆಕ್ಷನ್ ವಾಪಸ್ ಬರದಿದ್ರೆ ಪೂಲ್ ಸೈಜ್ ಎಷ್ಟು ಹೆಚ್ಚಿಸಿದ್ರೂ ತುಂಬಿಕೊಳ್ಳುತ್ತೆ, ಅಲ್ವಾ? (ಮನುಷ್ಯರನ್ನ ಕನೆಕ್ಷನ್‌ಗೆ ಹೋಲಿಸಿದ್ದಕ್ಕೆ ಬಯ್ಯಬೇಡಿ, ಹೊಟ್ಟೆಪಾಡು.) ವಾಸಿಯಾದರೂ ಕರೆದುಕೊಂಡು ಹೋಗೋರಿಲ್ಲದೆ ವಾರ್ಡಿನಲ್ಲೇ ವರ್ಷಗಟ್ಟಲೆ ಉಳಿದವರು ನಮ್ಮ ದೇಶದ ಹಳೇ ಆಸ್ಪತ್ರೆಗಳಲ್ಲಿ ಇದ್ದೇ ಇದ್ದಾರೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 37 ಮಾನಸಿಕ ಆಸ್ಪತ್ರೆಗಳನ್ನು ನೋಡಿ 1999ರಲ್ಲಿ ವರದಿ ಕೊಟ್ಟಾಗ, ಎಷ್ಟೋ ಕಡೆ ಕಟ್ಟಡಗಳೇ ಇನ್ನೂ ಜೈಲಿನ ಥರ ಇದ್ದವು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಮನೆಯವರು ಒಪ್ಪಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ ಅನ್ನುತ್ತೆ. ಸರಪಳಿ ಹಾಕೋ ಹಾಗೂ ಇಲ್ಲ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿಯಲ್ಲಿದ್ದವರು ಬೆಂಕಿಯಲ್ಲಿ ಸುಟ್ಟುಹೋದದ್ದು ನೆನಪಿರಬಹುದು.

1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಒಂದು ಸರಳ ಕೆಲಸ ಮಾಡಿದ್ರು. ಆಸ್ಪತ್ರೆಯ ಮೈದಾನದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡ್ರು. ಜೊತೆಗಿದ್ದವರು ಕಾಯಿಲೆ ಅಂದ್ರೇನು ಅಂತ ಕಲಿತರು, ಗುಣವಾದ ಮೇಲೆ ಕರೆದುಕೊಂಡು ಹೋದರು. ಒಂದು ಇಟ್ಟಿಗೆ ಇಡದೆ ಆಸ್ಪತ್ರೆ ದೊಡ್ಡದಾದ ಹಾಗಾಯ್ತು!

ನಮ್ಮ ಬಳ್ಳಾರಿಯದ್ದು ಇನ್ನೊಂದು ಕಥೆ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಇಡೀ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಸಿಬ್ಬಂದಿಗೆ ತರಬೇತಿ ಕೊಟ್ಟು, ಆರೇ ಆರು ಔಷಧಿಗಳನ್ನು ಅಲ್ಲಿಗೆ ತಲುಪಿಸಿದ್ರು. ಮನೋರೋಗದ್ದೂ ಮೂರ್ಛೆರೋಗದ್ದೂ ಸೇರಿ ಆರು! 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ. ಆಮೇಲೆ ಮನೋಚೈತನ್ಯ ಹೆಸರಿನಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೇ ಮನೋವೈದ್ಯರು ಬರೋ ವ್ಯವಸ್ಥೆ ಆಯ್ತು. ಮೊದಲು ಮಾತ್ರೆಗಾಗಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಬರ್ತಿದ್ದ ಮಾವ ಈಗ ಹನ್ನೊಂದು ಗಂಟೆಗೆ ಹೋಗಿ ಊಟದ ಹೊತ್ತಿಗೆ ಮನೇಲಿರ್ತಾರೆ.

ಕಳೆದ ಮಳೆಗಾಲದಲ್ಲಿ ಅಲ್ಲಿ ಎರಡು ಸಲ ಡಾಕ್ಟರಿದ್ದರು, ಮಾತ್ರೆ ಇರಲಿಲ್ಲ. ಹೊರಗಡೆ ತಗೊಳ್ಳಿ ಅಂತ ಚೀಟಿ ಕೊಟ್ಟರು. ಮಾವ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಬಂದರು, ಯಾರಿಗೂ ಹೇಳಲಿಲ್ಲ. ಆರನೇ ವಾರಕ್ಕೆ ರಾತ್ರಿಯಿಡೀ ತೋಟದಲ್ಲಿ ಓಡಾಟ. ಕೊನೆಗೆ ಬೆಂಗಳೂರಿಗೆ ಕರೆತಂದು ಹತ್ತೊಂಬತ್ತು ದಿನ ಅಡ್ಮಿಟ್. ಅಮ್ಮ ಪಕ್ಕದಲ್ಲೇ ಚಾಪೆ ಹಾಸಿಕೊಂಡಿದ್ದಳು. ಆ ಹಾಸಿಗೆಗಾಗಿ ಹೊರಗೆ ಇನ್ಯಾರ ಅಕ್ಕ ಕಾಯ್ತಿದ್ದಳೋ.

ಈಗ ಮಾವನ ಟ್ರಂಕಿನಲ್ಲಿ ಯಾವಾಗಲೂ ಎರಡು ತಿಂಗಳ ಮಾತ್ರೆ ಇರುತ್ತೆ, ಚೀಟಿ ನೋಡಿ ನಾನೇ ಕೊಂಡು ಕಳಿಸ್ತೀನಿ. ಅದೇ ಮಂಗಳವಾರದ ಸಾಲಿನಲ್ಲಿ ಬೆಂಗಳೂರಿನಲ್ಲಿ ಸಂಬಳ ಎಣಿಸೋ ಅಳಿಯ ಇಲ್ಲದವರೂ ನಿಂತಿರ್ತಾರೆ.

ನಿಮ್ಮ ತಾಲೂಕಿನಲ್ಲಿ ಮಾತ್ರೆ ಸರಿಯಾಗಿ ಸಿಗ್ತಿದೆಯಾ? ಊರಿಗೆ ಹೋದಾಗ ಒಂದು ಸಲ ವಿಚಾರಿಸಿ ನೋಡಿ. ಯಾರಿಗಾದ್ರೂ ತುರ್ತಾಗಿ ಮಾತಾಡಬೇಕಿದ್ರೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.