ಹಾಸ್ಟೆಲಿಗೆ ಬಂದ ಹೊಸಬರು

ರೋಹಿಣಿ ಮಳೆ ಒಂದೆರಡು ಹದ ಸುರಿದು, ಪೇಟೆಯ ಅಂಗಡಿಗಳ ಮುಂದೆ ಕೊಡೆಗಳೂ ಸ್ಕೂಲ್ ಬ್ಯಾಗುಗಳೂ ತೂಗಾಡತೊಡಗಿದರೆ ನನ್ನ ಮನಸ್ಸು ತಾನಾಗಿ ಶಾಲೆಯ ಕಡೆ ಹೊರಳುತ್ತದೆ. ಮೇ ತಿಂಗಳು ಮುಗಿಯುತ್ತಿದ್ದಂತೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಪ್ರಾರಂಭೋತ್ಸವದ ಸಡಗರ. ಬಾಗಿಲಿಗೆ ಮಾವಿನ ತೋರಣ, ಗೇಟಿಗೆ ಬಾಳೆಕಂದು, ಅಂಗಳದಲ್ಲಿ ರಂಗೋಲಿ. ಕೆಲವು ಊರುಗಳಲ್ಲಿ ಒಂದನೇ ತರಗತಿಗೆ ಸೇರುವ ಮಕ್ಕಳನ್ನು ಸಿಂಗರಿಸಿದ ಎತ್ತಿನ ಗಾಡಿಯಲ್ಲಿ ಕೂರಿಸಿ ಬೀದಿಬೀದಿ ಸುತ್ತಿಸಿ ಕರೆತರುತ್ತಾರೆ. ಟೀಚರುಗಳು ಆರತಿ ಎತ್ತುತ್ತಾರೆ, ಕೈಗೊಂದು ಗುಲಾಬಿ ಕೊಡುತ್ತಾರೆ. ಮಧ್ಯಾಹ್ನದ ಬಿಸಿಯೂಟಕ್ಕೆ ಪಾಯಸ. ಇದನ್ನು ನೋಡುವುದೆಂದರೆ ನನಗೆ ಇವತ್ತಿಗೂ ಹಬ್ಬವೇ.

ಆದರೆ ಆ ಮಕ್ಕಳೆಲ್ಲ ಸಂಜೆ ಗಂಟೆ ಹೊಡೆದೊಡನೆ ಮನೆಗೆ ಓಡುತ್ತಾರೆ. ಅಮ್ಮನ ಮಡಿಲಲ್ಲಿ ಕೂತು ಗುಲಾಬಿ ತೋರಿಸುತ್ತಾರೆ. ಮನೆಗೆ ಓಡಲಾಗದ ಮಕ್ಕಳೂ ಇದ್ದಾರೆ. ನಾನು ಕನ್ನಡ ಪಾಠ ಮಾಡುತ್ತಿದ್ದದ್ದು ಅಂಥ ಮಕ್ಕಳಿಗೆ, ಊರಾಚೆಯ ಒಂದು ವಸತಿ ಶಾಲೆಯಲ್ಲಿ. ಅಲ್ಲಿ ನಿಜವಾದ ಸ್ವಾಗತ ಶುರುವಾಗುವುದು ಅಪ್ಪ ಅಮ್ಮ ಕೊನೆಯ ಬಸ್ಸು ಹತ್ತಿದ ಮೇಲೆ.

ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಮಕ್ಕಳು ಪ್ರವೇಶ ಪರೀಕ್ಷೆ ಬರೆದು ಆರನೇ ತರಗತಿಗೆ ಬರುತ್ತಾರೆ. ನವೋದಯಕ್ಕೂ ಹಾಗೆಯೇ, ಆರನೆಯದಕ್ಕೇ. ಹತ್ತೋ ಹನ್ನೊಂದೋ ವಯಸ್ಸು. ಪರೀಕ್ಷೆ ಪಾಸಾದ ಹೆಮ್ಮೆಯಲ್ಲಿ ಊರೆಲ್ಲ ಸಿಹಿ ಹಂಚಿ ಬಂದ ಮಗು, ಹಾಸ್ಟೆಲಿನ ಉದ್ದನೆಯ ಕೋಣೆಯಲ್ಲಿ ಸಾಲಾಗಿ ನಿಂತ ಮಂಚಗಳನ್ನು ಕಂಡೊಡನೆ ಅಮ್ಮನ ಸೆರಗು ಹಿಡಿದುಕೊಳ್ಳುತ್ತದೆ.

ಜೊತೆಗೆ ಒಂದು ಕಬ್ಬಿಣದ ಟ್ರಂಕು ಬಂದಿರುತ್ತದೆ. ಮುಚ್ಚಳದ ಮೇಲೆ ಬಿಳಿ ಪೇಂಟಿನಲ್ಲಿ ಮಗುವಿನ ಹೆಸರು, ತರಗತಿ. ಮುಚ್ಚಳ ತೆಗೆದರೆ ಒಳಬದಿಯಲ್ಲಿ ಮನೆದೇವರ ಪಟ ಅಂಟಿಸಿರುತ್ತಾರೆ. ಕೆಳಗೆ ಇಸ್ತ್ರಿ ಮಾಡಿದ ಎರಡು ಜೊತೆ ಯೂನಿಫಾರಂ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸುತ್ತಿ ಕಟ್ಟಿದ ಕೊಬ್ಬರಿ ಎಣ್ಣೆ, ತಟ್ಟೆ ಲೋಟ, ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಚಟ್ನಿಪುಡಿ. ತಾಯಿ ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ಮೊದಲಿನ ಹಾಗೇ ಜೋಡಿಸುತ್ತಾಳೆ. ಜೋಡಿಸಿ ಮುಗಿದರೆ ಹೊರಡಬೇಕಲ್ಲ ಎಂದು ಇನ್ನೊಂದು ಸಲ ತೆಗೆಯುತ್ತಾಳೆ. ತಂದೆ ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಮಗುವಿನ ಕೊರಳಿಗೆ ಹಾಕುತ್ತಾನೆ. ಎಷ್ಟೋ ಮಕ್ಕಳು ಮೊದಲ ರಾತ್ರಿಗಳಲ್ಲಿ ಆ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದರು. ಬೆಳಿಗ್ಗೆ ಅಂಗೈಯಲ್ಲಿ ಅದರ ಹಲ್ಲಿನ ಗುರುತು ಮೂಡಿರುತ್ತಿತ್ತು.

ರಾತ್ರಿ ಒಂಬತ್ತೂವರೆಗೆ ದೀಪ ಆರುತ್ತದೆ. ಯಾವುದೋ ಮೂಲೆಯಲ್ಲಿ ಒಬ್ಬ ಮೂಗೆಳೆದ ಸದ್ದು ಕೇಳುತ್ತದೆ. ಅದುವರೆಗೆ ಗಟ್ಟಿಯಾಗಿದ್ದ ಪಕ್ಕದವನ ಗಂಟಲೂ ಕಟ್ಟುತ್ತದೆ. ಸ್ವಲ್ಪ ಹೊತ್ತಿಗೆ ಅರ್ಧ ಕೋಣೆಯೇ ಬಿಕ್ಕುತ್ತಿರುತ್ತದೆ. ನಾನು ಕಂಡ ವಾರ್ಡನ್ ಒಬ್ಬರು ಆ ಹೊತ್ತಿನಲ್ಲಿ ‘ಅಳಬೇಡ’ ಎಂದು ಒಂದು ಸಲವೂ ಹೇಳುತ್ತಿರಲಿಲ್ಲ. ಟಾರ್ಚ್ ಹಿಡಿದು ಬಂದು ಮಂಚದ ಅಂಚಿಗೆ ಕೂತು, “ನಿಮ್ಮನೇಲಿ ಹಸು ಎಷ್ಟಪ್ಪಾ?” ಎಂದು ಕೇಳುತ್ತಿದ್ದರು. ಹಸುವಿನ ಲೆಕ್ಕ ಆದ ಮೇಲೆ ಕರುವಿನ ಹೆಸರು, ಅದು ಹುಟ್ಟಿದ್ದು ಯಾವಾಗ, ಡೇರಿಗೆ ಎಷ್ಟು ಲೀಟರು ಹಾಕುತ್ತೀರಿ ಎಂಬ ವಿಚಾರಣೆ. ಪಕ್ಕದ ಮಂಚದವನು “ಸಾರ್, ನಮ್ಮನೇಲಿ ಎಮ್ಮೆ ಇದೆ” ಎಂದು ಎದ್ದು ಕೂರುತ್ತಿದ್ದ. ಇನ್ನೊಬ್ಬ ತನ್ನ ಮೇಕೆಮರಿಯ ಚೇಷ್ಟೆ ಹೇಳುತ್ತಿದ್ದ. ಕೋಣೆಯ ತುಂಬ ದನಕರು ಕುರಿಮೇಕೆಗಳ ಸುದ್ದಿ ಹರಡಿ, ಒಬ್ಬೊಬ್ಬರಾಗಿ ಮಾತಿನ ನಡುವೆಯೇ ನಿದ್ದೆ ಹೋಗುತ್ತಿದ್ದರು.

ಆ ರಾತ್ರಿ ನಿದ್ದೆ ಬಾರದವರು ಇನ್ನೊಬ್ಬರಿರುತ್ತಾರೆ: ಅದೇ ಜೂನಿನಲ್ಲಿ ಕೆಲಸಕ್ಕೆ ಸೇರಿದ ಹೊಸ ವಾರ್ಡನ್. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಆಯ್ಕೆಯಾಗಿ ಬಂದ ಎಳೆಯ ವಯಸ್ಸಿನವರು. ಕೆಲವರಿಗೆ ಮದುವೆಯೂ ಆಗಿರುವುದಿಲ್ಲ. ಕೆಲವರು ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬರುತ್ತಾರೆ. ಬಂದ ದಿನವೇ ಮೇಜಿನ ಮೇಲೆ ಹಾಜರಾತಿ ಪುಸ್ತಕ, ದಾಸ್ತಾನು ವಹಿ, ರೇಷನ್ ಬಿಲ್ಲು. ಗ್ಯಾಸ್ ಮುಗಿಯಿತು, ಮೋಟರ್ ಸುಟ್ಟಿತು, ನೀರಿನ ಟ್ಯಾಂಕರ್ ಬರಲಿಲ್ಲ ಎಂಬ ದೂರುಗಳು. ಅಕ್ಕಿ ಬೇಳೆಗೆ ಲೆಕ್ಕ ಬರೆಯುವುದನ್ನು ಹೇಳಿಕೊಡುವವರು ಇರುತ್ತಾರೆ. ನಡುರಾತ್ರಿ ಜ್ವರ ಬಂದ ಮಗುವಿನ ಹಣೆ ಮುಟ್ಟಿ ಕೂರುವುದನ್ನು ಅವರು ತಾವಾಗಿಯೇ ಕಲಿಯಬೇಕು. ಆಸರೆಗೆ ಇರುವವರು ಅಡುಗೆಮನೆಯ ಅಕ್ಕಂದಿರು. ಯಾವ ಮಗು ಎರಡು ದಿನದಿಂದ ಅನ್ನ ಬಿಟ್ಟಿದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಸಾರು ಬಡಿಸುವವರಿಗೆ. ಹೊಸ ವಾರ್ಡನ್ ಅವರ ಜೊತೆ ಕೂತು ಒಂದು ಲೋಟ ಕಾಫಿ ಕುಡಿದರೆ ಅರ್ಧ ಕೆಲಸ ಕಲಿತಂತೆ.

ನಮ್ಮ ಶಾಲೆಗೆ ಹಾಗೆ ಬಂದ ಒಬ್ಬ ತರುಣಿಯನ್ನು ನಾನು ಮರೆಯಲಾರೆ. ಅವರು ಬಂದ ಮೊದಲ ತಿಂಗಳಲ್ಲೇ ಏಳನೇ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಪ್ರಾರ್ಥನೆಗೆ ಬರದೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಕೂತಳು. ಈಕೆ ಬಾಗಿಲ ಹೊರಗೆ ನೆಲದ ಮೇಲೇ ಕೂತು, “ನಂಗೂ ನಿನ್ನ ವಯಸ್ಸಲ್ಲೇ ಆಗಿತ್ತು ಪುಟ್ಟಾ, ಹೆದರಬೇಡ, ನಾನಿದೀನಿ” ಎಂದು ಮೆಲ್ಲಗೆ ಮಾತಾಡುತ್ತ ಬಾಗಿಲು ತೆಗೆಸಿದರು. ಪ್ಯಾಡ್ ಬಳಸುವುದನ್ನು ಹೇಳಿಕೊಟ್ಟರು, ಬಿಸಿನೀರು ಕೊಟ್ಟರು. ಅವಳ ತಾಯಿಗೆ ಫೋನು ಹಚ್ಚಿ, ಅದನ್ನು ಅವಳ ಕೈಗಿತ್ತು, ಮಾತಾಡುವಷ್ಟು ಹೊತ್ತು ತಾವು ಹೊರಗೆ ನಿಂತರು. ಸಂಜೆ ಅಡುಗೆಯ ಅಕ್ಕನಿಂದ ಎಳ್ಳು ಬೆಲ್ಲ ಕುಟ್ಟಿಸಿ ಚಿಗಳಿ ಮಾಡಿಸಿದರು. ಮನೆಯಲ್ಲಿದ್ದರೆ ಅಜ್ಜಿ ಮಾಡಿಕೊಡುತ್ತಿದ್ದ ಚಿಗಳಿ ಹಾಸ್ಟೆಲಿನಲ್ಲೂ ಸಿಕ್ಕಿತು. ಆ ಹುಡುಗಿ ಮಾತ್ರವಲ್ಲ, ಆ ಹಾಸ್ಟೆಲಿನ ಹೆಣ್ಣುಮಕ್ಕಳೆಲ್ಲ ಅವತ್ತಿನಿಂದ ಅವರ ಹಿಂದೆಮುಂದೆ ಸುತ್ತತೊಡಗಿದರು.

ಇಂಥ ನಂಬಿಕೆಯ ಬೆಲೆ ಬಹಳ ದೊಡ್ಡದು. ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಹಾಸ್ಟೆಲಿನ ಗೋಡೆಗಳ ಮೇಲೆ ಮಕ್ಕಳ ಸಹಾಯವಾಣಿ 1098 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ಇರಲೇಬೇಕು. ಆದರೆ ಮಗು ತನ್ನ ಕಷ್ಟವನ್ನು ಮೊದಲು ಹೇಳಿಕೊಳ್ಳುವುದು ತನ್ನನ್ನು ಹೆಸರು ಹಿಡಿದು ಕರೆಯುವ ದೊಡ್ಡವರೊಬ್ಬರ ಹತ್ತಿರ.

ನಮ್ಮ ನಾಡಿಗೆ ಹಾಸ್ಟೆಲೆಂದರೆ ಬರಿಯ ಊಟ ವಸತಿಯ ಅನುಕೂಲವಾಗಿರಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತೋದ್ಧಾರದ ಸಂಸ್ಥೆ ಕಟ್ಟಿ, ಶಾಲೆಯ ಹೊಸ್ತಿಲು ತುಳಿಯಲೂ ಬಿಡದಿದ್ದ ಮಕ್ಕಳಿಗೆ ಪಾಠವನ್ನೂ ಇರಲು ನೆಲೆಯನ್ನೂ ಒದಗಿಸಿದರು. ಕವಿ ಸಿದ್ಧಲಿಂಗಯ್ಯ ಬೆಂಗಳೂರಿನಲ್ಲಿ ಓದಿದ್ದು ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದುಕೊಂಡು. ಅವರ ‘ಊರುಕೇರಿ’ಯಲ್ಲಿ ಆ ಹಾಸ್ಟೆಲಿನ ದಿನಗಳು ಬರುತ್ತವೆ. ತುಮಕೂರಿನ ಸಿದ್ಧಗಂಗೆಯಲ್ಲಂತೂ ಅನ್ನ, ಅಕ್ಷರ, ಆಶ್ರಯ ಮೂರನ್ನೂ ಸಾವಿರಾರು ಮಕ್ಕಳಿಗೆ ಜಾತಿಮತ ಕೇಳದೆ ಕೊಡುತ್ತ ಬಂದಿದ್ದಾರೆ. 1907ರಲ್ಲಿ ಹುಟ್ಟಿ 2019ರವರೆಗೆ ಬಾಳಿದ ಶಿವಕುಮಾರ ಸ್ವಾಮೀಜಿ ತುಂಬಾ ವಯಸ್ಸಾದ ಮೇಲೂ ಸಂಜೆಯ ಪ್ರಾರ್ಥನೆಯಲ್ಲಿ ಮಕ್ಕಳ ಎದುರು ಕೂರುತ್ತಿದ್ದರು. ಈ ಸಾಲಿಗೆ ಸೇರಿದ ಕೆಲಸಕ್ಕೇ ತಾನು ಬಂದಿದ್ದೇನೆ ಎಂದು ಪ್ರತಿ ಹೊಸ ವಾರ್ಡನ್ನರಿಗೂ ಮೊದಲ ದಿನವೇ ಯಾರಾದರೂ ಹೇಳಬೇಕು. ದಾಸ್ತಾನು ವಹಿ ಆಮೇಲೆ ಹಗುರವಾಗುತ್ತದೆ.

ಹೊಸಬರನ್ನು ಬರಮಾಡಿಕೊಳ್ಳುವುದರಲ್ಲಿ ಮಕ್ಕಳನ್ನು ಮೀರಿಸುವವರಿಲ್ಲ. ನವೋದಯ ಶಾಲೆಗಳಲ್ಲಿ ಒಂಬತ್ತನೇ ತರಗತಿಯ ಒಂದಷ್ಟು ಮಕ್ಕಳು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯಕ್ಕೆ ಓದಲು ಹೋಗುತ್ತಾರೆ. ನಮ್ಮವರು ಹಿಂದಿ ಸೀಮೆಗೆ, ಅಲ್ಲಿಯವರು ಇಲ್ಲಿಗೆ. ಅರಾವಳಿ, ನೀಲಗಿರಿ, ಶಿವಾಲಿಕ, ಉದಯಗಿರಿ ಎಂದು ಹೆಸರಿಟ್ಟ ನಾಲ್ಕು ಹೌಸುಗಳಲ್ಲಿ ಅವರೂ ಬೆರೆತು ಹೋಗುತ್ತಾರೆ. ಹಿಂದಿ ನಾಡಿನ ಹುಡುಗನ ತಟ್ಟೆಗೆ ಮೊದಲ ಸಲ ರಾಗಿಮುದ್ದೆ ಬಿದ್ದಾಗ ಅವನು ಅದನ್ನು ಅಗಿಯುತ್ತ ಕೂತರೆ, ಪಕ್ಕದ ಕನ್ನಡದ ಹುಡುಗ ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿ ತೋರಿಸುತ್ತಾನೆ. ಭಾಷೆ ಬೇಕಿಲ್ಲದ ಪಾಠ ಅದು. ಹೊಸ ವಾರ್ಡನ್ನರಿಗೂ ಮಕ್ಕಳು ಹೀಗೇ ಹೇಳಿಕೊಡುತ್ತಾರೆ: ಯಾವ ನಲ್ಲಿ ಸೋರುತ್ತದೆ, ಯಾವ ಕಿಟಕಿ ಮುಚ್ಚುವುದಿಲ್ಲ, ಯಾರು ನಿದ್ದೆಯಲ್ಲಿ ಎದ್ದು ನಡೆಯುತ್ತಾರೆ. ಕೇಳುವ ತಾಳ್ಮೆ ಇರಬೇಕು.

ಈ ವರ್ಷ ಮಗುವನ್ನು ಹಾಸ್ಟೆಲಿಗೆ ಬಿಡಲು ಹೋಗುವ ತಂದೆತಾಯಿಗಳೇ, ಅರ್ಜಿಗೆ ಸಹಿ ಹಾಕಿ ಹೊರಡುವ ಮುಂಚೆ ವಾರ್ಡನ್ನರ ಹೆಸರು ಕೇಳಿ, ಅವರ ಊರು ಕೇಳಿ. ನಿಮ್ಮ ಮಗು ಕತ್ತಲೆಗೆ ಹೆದರುವುದನ್ನು, ಬೆಂಡೆಕಾಯಿ ಮುಟ್ಟದಿರುವುದನ್ನು, ಮನೆಯಲ್ಲಿ ಕರೆಯುವ ಮುದ್ದಿನ ಹೆಸರನ್ನು ಅವರ ಕಿವಿಗೆ ಹಾಕಿ. ಹತ್ತನೇ ತರಗತಿಯ ಹಿರಿಯ ಮಕ್ಕಳೇ, ನಿಮ್ಮ ಪಕ್ಕದ ಮಂಚಕ್ಕೆ ಬಂದ ಆರನೆಯವನಿಗೆ ಬಕೆಟ್ ಸಾಲಿನಲ್ಲಿ ಮುಂದಿನ ಜಾಗ ಬಿಡಿ. ಮುಖ್ಯಶಿಕ್ಷಕರಲ್ಲಿ ನನ್ನದು ಒಂದೇ ಕೋರಿಕೆ: ಮೊದಲ ವಾರ ಹೊಸ ವಾರ್ಡನ್ನರ ಹತ್ತಿರ ಲೆಕ್ಕಪತ್ರ ಕೇಳಬೇಡಿ, ಮಕ್ಕಳ ಹೆಸರು ಕೇಳಿ.