ಕಡಲಾಳದ ಒತ್ತಡ

ಕಡಲಿನಲ್ಲಿ ಮುಳುಗುವವನಿಗೆ ಆಪತ್ತೆಲ್ಲ ಕೆಳಗಿಳಿಯುವಾಗಲೇ ಎಂಬುದು ಲೋಕದ ಎಣಿಕೆ. ಶರೀರಶಾಸ್ತ್ರವನ್ನು ಬಲ್ಲವರಾದರೋ ಮೇಲೇಳುವಾಗಲೇ ಹೆಚ್ಚಿನ ಎಚ್ಚರ ಬೇಕೆನ್ನುತ್ತಾರೆ. ಈಚಿನ ವರ್ಷಗಳಲ್ಲಿ ನಮ್ಮ ಮನೆಗಳ ಮಕ್ಕಳೂ ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆಂದು ಹೋಗುತ್ತಿರುವುದರಿಂದ, ಹಿರಿಯರಾದವರು ಈ ಸಂಗತಿಯನ್ನು ಅರಿತಿರುವುದು ಒಳಿತು.

ನೆಲದ ಮೇಲೆ ನಮ್ಮನ್ನು ಆವರಿಸಿರುವ ಗಾಳಿಯ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಭಾರದಷ್ಟು. ಕಡಲಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಅಷ್ಟೇ ಒತ್ತಡ ಮತ್ತೆ ಕೂಡುತ್ತದೆ. 30 ಮೀಟರಿನಲ್ಲಿ ಒಟ್ಟು ನಾಲ್ಕು ಪಟ್ಟು. ಆದರೂ ದೇಹ ಜಜ್ಜಿಹೋಗುವುದಿಲ್ಲ. ರಕ್ತಮಾಂಸಗಳು ಬಹುಪಾಲು ನೀರೇ. ನೀರು ಅಷ್ಟು ಸುಲಭವಾಗಿ ಕುಗ್ಗದು. ಕುಗ್ಗುವುದು ಗಾಳಿ. ಕಿವಿಯೊಳಗಿನ ಗಾಳಿ ಕುಗ್ಗಿದರೆ ಕಿವಿಯ ತಮಟೆ ಒಳಸರಿದು ನೋಯುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿಯೊತ್ತಿ ಅದನ್ನು ಸರಿಪಡಿಸಿಕೊಳ್ಳುತ್ತಲೇ ಇಳಿಯಬೇಕು. ನೆಗಡಿಯಿದ್ದವರು ಇಳಿಯಬಾರದು.

10 ಮೀಟರಿನ ಆಳದಲ್ಲಿ ಉಪಕರಣದಿಂದ ಎಳೆದುಕೊಂಡ ಉಸಿರು ನೀರಿನ ಮೇಲಕ್ಕೆ ಬರುವಷ್ಟರಲ್ಲಿ ಇಮ್ಮಡಿಯಾಗಿ ಹಿಗ್ಗುತ್ತದೆ. ಅದನ್ನು ಬಿಗಿಹಿಡಿದು ಏಳುವವನ ಶ್ವಾಸಕೋಶವೇ ಹರಿಯಬಹುದು. ಪ್ರಾಣಾಯಾಮದ ಅಭ್ಯಾಸವುಳ್ಳ ನಮ್ಮಂಥವರಿಗೆ ಉಸಿರನ್ನು ನಿಲ್ಲಿಸುವುದೇ ಸಾಧನೆ. ಅಲ್ಲಿ ಕುಂಭಕ ಸರ್ವಥಾ ಕೂಡದು.

ಇದಕ್ಕಿಂತಲೂ ಸೂಕ್ಷ್ಮವಾದುದು ಸಾರಜನಕದ ವ್ಯವಹಾರ. ಒತ್ತಡ ಹೆಚ್ಚಿದಂತೆ ಉಸಿರಿನ ಸಾರಜನಕವು ರಕ್ತದಲ್ಲಿಯೂ ಕೊಬ್ಬಿನಲ್ಲಿಯೂ ಹೆಚ್ಚುಹೆಚ್ಚಾಗಿ ಕರಗುತ್ತದೆ. ಥಟ್ಟನೆ ಮೇಲೆದ್ದರೆ, ಗೋಲಿಸೋಡಾದ ಗೋಲಿಯನ್ನು ಒತ್ತಿದಾಗ ಉಕ್ಕುವಂತೆ, ದೇಹದೊಳಗೇ ಗುಳ್ಳೆಗಳೇಳುತ್ತವೆ. ಕೀಲುಗಳು ನೋಯುತ್ತವೆ; ಬೆನ್ನುಹುರಿಗೆ ತಗುಲಿದರೆ ಕಾಲು ಬಿದ್ದುಹೋಗುವುದೂ ಉಂಟು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ತಳಪಾಯಕ್ಕಾಗಿ ನದಿಯ ತಳದಲ್ಲಿ, ಗಾಳಿಯೊತ್ತಿ ತುಂಬಿದ ಕೋಣೆಗಳೊಳಗೆ ದುಡಿದವರನ್ನು ಕಾಡಿದುದೂ ಇದೇ ವ್ಯಾಧಿ. 1872ರಲ್ಲಿ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರೇ ಇದರಿಂದ ಹಾಸಿಗೆ ಹಿಡಿದರು. 1883ರಲ್ಲಿ ಸೇತುವೆ ಪೂರ್ಣಗೊಳ್ಳುವವರೆಗೆ ಅವರ ಪತ್ನಿ ಎಮಿಲಿ ಕೆಲಸಗಾರರಿಗೂ ಪತಿಗೂ ನಡುವೆ ನಿಂತು ನಡೆಸಿದರು. ಆ ಸಾಧ್ವಿಯ ಕಥೆ ಬೇರೊಂದು ಲೇಖನಕ್ಕೆ ತಕ್ಕುದು. ಹಂತಹಂತವಾಗಿ ತಡೆದು ತಡೆದು ಮೇಲೇಳುವ ಕ್ರಮವನ್ನು ಆಡುಗಳ ಮೇಲೆ ಪರೀಕ್ಷಿಸಿ 1908ರಲ್ಲಿ ಪ್ರಕಟಿಸಿದವರು ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು. ಇಂದಿಗೂ ಮುಳುಗುವವರು 5 ಮೀಟರಿನಲ್ಲಿ 3 ನಿಮಿಷ ತಂಗಿ ಮೇಲೆ ಬರುವ ರೂಢಿಯಿದೆ.

ಈಚೆಗೆ ಪರಿಚಿತರಾದ ತಾಯಿಯೊಬ್ಬರು, "ಶಾಸ್ತ್ರಿಗಳೇ, ನಮ್ಮ ಹುಡುಗ ಬೆಳಿಗ್ಗೆ ನೀರಿಗಿಳಿದು ಅಂದೇ ಸಂಜೆ ಗೋವೆಯಿಂದ ವಿಮಾನ ಹತ್ತುತ್ತಾನಂತೆ" ಎಂದರು. ನಮಗೆ ದಿಗಿಲಾಯಿತು. ಹಾರುವ ವಿಮಾನದೊಳಗಿನ ಒತ್ತಡ ನೆಲದ ಒತ್ತಡಕ್ಕಿಂತ ಕಡಿಮೆ. ದೇಹದಲ್ಲಿ ಉಳಿದ ಸಾರಜನಕ ಅಲ್ಲಿಯೂ ಗುಳ್ಳೆಯಾದೀತು. ಒಂದು ಸಲ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆಯಾದರೂ ಕಾಯಬೇಕೆಂಬುದು ತಜ್ಞರ ಸಲಹೆ. ಮಗನನ್ನು ತಡೆಯಬೇಡಿರಿ, ಟಿಕೇಟನ್ನು ಮರುದಿನ ಸಂಜೆಗೆ ಬದಲಿಸಿರಿ ಎಂದೆವು. ಮೇಲೆದ್ದ ಬಳಿಕ ಕೀಲುನೋವು, ಜೋಮು, ತಲೆಸುತ್ತು ಕಂಡರೆ ಆಯಾಸವೆಂದು ಮಲಗಿಸದೆ ಕೂಡಲೇ ಆಮ್ಲಜನಕ ಕೊಡಿಸಬೇಕು; ನೀರಿಗಿಳಿದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಬೇಕು. ಒತ್ತಡದ ಕೋಣೆಯಿರುವ ಆಸ್ಪತ್ರೆ ಎಲ್ಲಿದೆಯೆಂಬುದನ್ನು ಹೊರಡುವ ಮೊದಲೇ ವಿಚಾರಿಸಿಟ್ಟುಕೊಳ್ಳತಕ್ಕದ್ದು.